ಹಿರೇಹಡಗಲಿ ಕೊಟ್ರಮ್ಮನ ರಕ್ತದ ಚೀಟಿ

ಹೊಸದಾಗಿ ಲ್ಯಾಬ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಕೊಟ್ಟೂರಿನ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸರ್, ನಿಮ್ಮ ಕಾಲಕ್ಕ ಮಷೀನ್ ಇದ್ದಿಲ್ಲಲ್ರಿ, ಹೆಂಗ ಮಾಡ್ತಿದ್ರಿ?" ತಪ್ಪು ಮಾಡುತ್ತಿದ್ದೆವು ಎನ್ನುವುದು ಅದಕ್ಕೆ ಪ್ರಾಮಾಣಿಕ ಉತ್ತರ. ಎಲ್ಲವನ್ನೂ ಸರಿಯಾಗಿ ಮಾಡಿಯೂ ತಪ್ಪು ಮಾಡುತ್ತಿದ್ದೆವು ಎನ್ನುವುದು ಇನ್ನೂ ಪ್ರಾಮಾಣಿಕ ಉತ್ತರ. ಮೊದಲನೆಯದು ಅವರಿಗೆ ಬೇಗ ಅರ್ಥವಾಗುತ್ತದೆ. ಎರಡನೆಯದಕ್ಕೆ ಒಂದು ಕಥೆಯನ್ನೇ ಹೇಳಬೇಕಾಗುತ್ತದೆ.

ನಾನು ಖಾಸಿಂ. ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಕೆಟ್ಟ ಮೋಟಾರಿಗೆ ಕಿವಿಗೊಟ್ಟು ರೋಗ ಹೇಳುವ ವಿದ್ಯೆ ನನಗೆ ಹತ್ತಲಿಲ್ಲವಾದ್ದರಿಂದ ಮನುಷ್ಯರ ರಕ್ತ ನೋಡುವ ಕೆಲಸಕ್ಕೆ ಸೇರಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆ ಸರ್ಕಾರ ನನ್ನನ್ನು ಸುತ್ತಿಸಿದೆ. ಈ ಕಥೆ ನಡೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಇವುಗಳಲ್ಲೇ ಒಂದು ಆಸ್ಪತ್ರೆಯಲ್ಲಿ. ಯಾವುದೆಂದು ಹೇಳುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ.

ಕಟ್ಟಡವೂ ಅಂಥ ಹೆಮ್ಮೆಪಡುವಂಥದ್ದೇನಲ್ಲ. ಲ್ಯಾಬ್ ಎಂದರೆ ಹಿಂದೊಮ್ಮೆ ಉಗ್ರಾಣವಾಗಿದ್ದ ಕೋಣೆ. ಒಂದು ಸೂಕ್ಷ್ಮದರ್ಶಕ, ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜ್, ಒಂದು ಸೀಮೆಎಣ್ಣೆ ಸ್ಟೌ. ಬಂದವರೆಲ್ಲ ಸ್ಟೌ ಚಹಾಕ್ಕೆಂದು ತಿಳಿಯುತ್ತಿದ್ದರು. ಚಹಾ ಮಾಡುತ್ತಿದ್ದುದು ನಿಜ, ಆದರೆ ಅದರ ಸರ್ಕಾರಿ ಉದ್ಯೋಗ ಬೇರೆ. ಗರ್ಭಿಣಿಯರಿಗೆಲ್ಲ ವಿ.ಡಿ.ಆರ್.ಎಲ್. ಎಂಬ ಪರೀಕ್ಷೆ ಮಾಡಬೇಕಿತ್ತು. ಸಿಫಿಲಿಸ್ ಎಂಬ ಗುಪ್ತರೋಗವನ್ನು ಹಿಡಿಯುವ ಪರೀಕ್ಷೆ ಅದು. ರಕ್ತದ ಮೇಲಿನ ತಿಳಿಯನ್ನು ತೆಗೆದು ಐವತ್ತಾರು ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಕರೆಂಟ್ ನೆಚ್ಚಿಕೊಂಡರೆ ಹೆರಿಗೆಯಾದ ಮೇಲೆ ರಿಪೋರ್ಟ್ ಕೊಡಬೇಕಾಗುತ್ತಿತ್ತು. ಹಾಗಾಗಿ ಸ್ಟೌ ಮೇಲೆ ನೀರಿಟ್ಟು, ಥರ್ಮಾಮೀಟರ್ ಹಿಡಿದು, ಬತ್ತಿಯನ್ನು ಏರಿಸುತ್ತ ಇಳಿಸುತ್ತ ಕೂರುತ್ತಿದ್ದೆ.

ಆಮೇಲೆ ಗಾಜಿನ ಪಟ್ಟಿಯ ಮೇಲೆ ಆ ತಿಳಿಯ ಒಂದು ಹನಿ, ಅದಕ್ಕೆ ಸೀಸೆಯ ದ್ರಾವಣದ ಒಂದು ಹನಿ. ನಾಲ್ಕು ನಿಮಿಷ ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ರೋಗವಿಲ್ಲದವರದ್ದು ತೆಳ್ಳಗೆ ಸಮನಾಗಿ ಕಾಣುತ್ತದೆ. ರೋಗವಿದ್ದವರದ್ದು ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತದೆ. ಈಗ ಯೋಚಿಸಿದರೆ ನಗು ಬರುತ್ತದೆ: ಆ ಸೀಸೆಯಲ್ಲಿ ಸಿಫಿಲಿಸ್‌ನ ರೋಗಾಣುವಿಗೆ ಸಂಬಂಧಿಸಿದ್ದು ಏನೂ ಇರಲಿಲ್ಲ. ಇದ್ದದ್ದು ದನದ ಹೃದಯದಿಂದ ತೆಗೆದ ಒಂದು ಬಗೆಯ ಕೊಬ್ಬು. ಸಿಫಿಲಿಸ್ ಬಂದವರ ರಕ್ತ ಆ ಕೊಬ್ಬಿನ ಮೇಲೂ ಸಿಟ್ಟಾಗುತ್ತದೆ ಎಂದು ಯಾರೋ ಹಿಂದೆ ಕಂಡುಕೊಂಡಿದ್ದರು. ಬೇರೆಯವರ ರಕ್ತವೂ ಬೇರೆ ಕಾರಣಕ್ಕೆ ಸಿಟ್ಟಾಗಬಹುದಲ್ಲ ಎಂಬ ಪ್ರಶ್ನೆ ನಮಗೆ ಬರಲಿಲ್ಲ. ತರಬೇತಿಯ ಪುಸ್ತಕದಲ್ಲಿ ಈ ಬಗ್ಗೆ ಒಂದು ಸಾಲು ಇತ್ತು. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದ್ದೆ. ಪಾಸಾದ ಮೇಲೆ ಬಾಯಿಪಾಠಕ್ಕೆ ಏನು ಕೆಲಸ?

ನಮ್ಮ ದೊಡ್ಡ ಡಾಕ್ಟರು ಕೆಟ್ಟವರಲ್ಲ. ದಿನಕ್ಕೆ ಇನ್ನೂರು ಜನರನ್ನು ನೋಡುವವರಿಗೆ ಅನುಮಾನಪಡಲು ಪುರಸೊತ್ತು ಇರುವುದಿಲ್ಲ. "ಲ್ಯಾಬ್ ಅಂದ್ರ ಕನ್ನಡಿ, ಖಾಸಿಂ. ಕನ್ನಡಿ ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದರು. ಆ ಮಾತಿಗೆ ನಾನು ಉಬ್ಬಿಹೋಗುತ್ತಿದ್ದೆ. ಉಬ್ಬಿದವನಾದ್ದರಿಂದ ಒಂದು ಅಭ್ಯಾಸವನ್ನೂ ಮಾಡಿಕೊಂಡಿದ್ದೆ. ಪಾಸಿಟಿವ್ ಬಂದ ಚೀಟಿಗಳನ್ನು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದೆ. ಅವನ್ನು ಮಡಚಿ ಕವರಿನಲ್ಲಿಡಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳದಿದ್ದರೂ ಹೊಳೆಯಬೇಕಿತ್ತು.

ಕೊಟ್ರಮ್ಮ ಬಂದದ್ದು ಮೂರನೆಯ ಬಸುರಿನಲ್ಲಿ. ತವರು ತುಂಗಭದ್ರೆಯ ದಂಡೆಯ ಮಾಗಳ, ಕೊಟ್ಟ ಊರು ಹಿರೇಹಡಗಲಿ. ಮೊದಲಿನ ಎರಡೂ ಐದಾರು ತಿಂಗಳಿಗೆ ಹೋಗಿದ್ದವು. ಮಾತು ಕಡಿಮೆ. ಸೂಜಿ ಚುಚ್ಚುವಾಗ ಎಲ್ಲರೂ ಮುಖ ತಿರುಗಿಸಿದರೆ ಇವಳು ಸೂಜಿಯನ್ನೇ ನೋಡುತ್ತಿದ್ದಳು. ಅವಳ ರಕ್ತ ಗಾಜಿನ ಮೇಲೆ ಗಂಟುಗಂಟಾಯಿತು. ನಾನು ಎರಡು ಸಲ ಮಾಡಿದೆ. ಎರಡು ಸಲವೂ ಅದೇ. ಕೆಂಪು ಇಂಕಿನಲ್ಲಿ 'ರಿಯಾಕ್ಟಿವ್' ಎಂದು ಬರೆದು ಕೈಗೆ ಕೊಟ್ಟೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಔಷಧಿ ಕೊಡುವ ಕಿಟಕಿಯಲ್ಲಿದ್ದವನಿಗೆ ಬರುತ್ತಿತ್ತು, ಅವನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆಯೇ ಓದಿದ.

ಮರುದಿನ ಅವಳ ಗಂಡ ವೀರಭದ್ರಪ್ಪ ಬಂದ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಮುಂಗೈ, ಹುಬ್ಬು, ಕಿವಿಯ ಕೂದಲಿನ ಮೇಲೆಲ್ಲ ಜೋಳದ ಹಿಟ್ಟು. ಚೀಟಿಯನ್ನು ಮೇಜಿನ ಮೇಲಿಟ್ಟು, "ಏನೈತ್ರಿ ಸಾಹೇಬ್ರ ಇದರಾಗ?" ಎಂದ.

ದೊಡ್ಡ ಡಾಕ್ಟರ ಹತ್ತಿರ ಹೋಗು ಎಂದಷ್ಟೇ ಹೇಳಿ ಕಳಿಸಬೇಕಿತ್ತು. ಆದರೆ ತಿಳಿದವನ ಹುರುಪು. ಅದು ಎಂಥ ರೋಗ, ಹೇಗೆ ಹರಡುತ್ತದೆ, ಗಂಡಸಿನಿಂದ ಹೆಂಗಸಿಗೆ ಹೇಗೆ ಬರುತ್ತದೆ ಎಂದೆಲ್ಲ ಬಿಡಿಸಿ ಹೇಳಿದೆ. ಅವನು ನಿಂತಲ್ಲೇ ಬೆವೆತ. "ನಾ ಗಿರಣಿ ಬಿಟ್ಟು ಎಲ್ಲಿಗೂ ಹೋಗಾಂವಲ್ರಿ. ನನ್ನ ರಕ್ತ ನೋಡ್ರಿ" ಎಂದು ತೋಳು ಚಾಚಿದ.

ನೋಡಿದೆ. ಅವನ ರಕ್ತ ತೆಳ್ಳಗೆ, ಸಮನಾಗಿ, ನಿರ್ಮಲವಾಗಿತ್ತು.

"ನನಗಿಲ್ಲಂದ್ರ," ಎಂದು ಅವನು ನಿಧಾನವಾಗಿ ಕೇಳಿದ, "ಆಕಿಗೆ ಎಲ್ಲಿಂದ ಬಂತ್ರಿ?"

ನನಗೆ ಗೊತ್ತಿರಲಿಲ್ಲ. 'ಗೊತ್ತಿಲ್ಲ' ಎನ್ನುವುದು ಮೂರೇ ಅಕ್ಷರದ ಮಾತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಕನ್ನಡಿಯ ಮರ್ಯಾದೆ ಏನಾದೀತು? ನಾನು ಗಾಜಿನ ಪಟ್ಟಿಗಳನ್ನು ತೊಳೆಯುವುದರಲ್ಲಿ ಮಗ್ನನಾದವನಂತೆ ನಟಿಸಿದೆ. ಅವನು ನನ್ನ ಮೌನವನ್ನೇ ಉತ್ತರವೆಂದು ತೆಗೆದುಕೊಂಡು ಹೊರಟ.

ದೊಡ್ಡ ಡಾಕ್ಟರು ಪೆನ್ಸಿಲಿನ್ ಇಂಜೆಕ್ಷನ್ ಬರೆದರು. ಕೊಟ್ರಮ್ಮ ವಾರವಾರ ಬಂದು ಚುಚ್ಚಿಸಿಕೊಂಡು ಹೋದಳು. ಇಲ್ಲದ ರೋಗಕ್ಕೆ ಅಷ್ಟು ಶಿಸ್ತಾಗಿ ಚಿಕಿತ್ಸೆ ಪಡೆದವರನ್ನು ನಾನು ಮತ್ತೆ ನೋಡಿಲ್ಲ. ಆರನೆಯ ತಿಂಗಳಲ್ಲಿ ಮೂರನೆಯ ಮಗುವೂ ಹೊಟ್ಟೆಯಲ್ಲೇ ಹೋಯಿತು. ವೀರಭದ್ರಪ್ಪ ಜಗಳ ಮಾಡಲಿಲ್ಲ, ಕೈಯೆತ್ತಲಿಲ್ಲ. "ಒಂದೀಟು ದಿನ ಮಾಗಳದಾಗ ಇದ್ದು ಬಾ" ಎಂದ. ಒಂದಿಷ್ಟು ದಿನ ಎಂದರೆ ಎಷ್ಟು ದಿನ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಇಂಥ ಕಥೆಗಳಲ್ಲಿ ಅತ್ತೆಗೆ ಒಂದು ಪಾತ್ರ ಮೊದಲೇ ಬರೆದಿಟ್ಟಿರುತ್ತದೆ. ಸಿದ್ದಮ್ಮ ಅದನ್ನು ಒಪ್ಪಿಕೊಳ್ಳಲಿಲ್ಲ. ವೀರಭದ್ರಪ್ಪನ ತಾಯಿ ಆಕೆ. ಗಿರಣಿಯಲ್ಲಿ ಹರಿದ ಗೋಣಿಚೀಲಗಳನ್ನು ದಬ್ಬಣದಿಂದ ಹೊಲಿಯುತ್ತ ಕೂರುವ ಮುದುಕಿ. ಸೊಸೆ ತವರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ನನ್ನ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು.

"ನೀವ ಏನ್ರಿ ಚೀಟಿ ಬರದ ಸಾಬ್ರು?"

"ಹೌದಮ್ಮ."

"ನನ್ನ ಸೊಸಿ ನೆರಳು ನನ್ನ ನೆರಳು ಬಿಟ್ಟು ಹೋಗಿದ್ದು ನಾ ನೋಡಿಲ್ಲ. ನನ್ನ ಮಗನೂ ಅಂಥಾಂವಲ್ಲ, ಆಂವಗ ಗಿರಣಿ ಬೆಲ್ಟ ಬಿಟ್ರ ಬ್ಯಾರೆ ಚಿಂತಿ ಇಲ್ಲ. ಅಂದ ಮ್ಯಾಲೆ ಸುಳ್ಳು ಹೇಳಾಕತ್ತಿದ್ದು ನಿಮ್ಮ ಗಾಜು."

"ಗಾಜು ಸುಳ್ಳು ಹೇಳಂಗಿಲ್ಲಮ್ಮ," ಎಂದೆ ದೊಡ್ಡ ಡಾಕ್ಟರ ಮಾತನ್ನು ಸಾಲ ತೆಗೆದುಕೊಂಡು.

"ಹಂಗಾರ ನನ್ನ ರಕ್ತ ಹಾಕಿ ತೋರಸ್ರಿ. ನಿಮ್ಮದೂ ಹಾಕ್ರಿ. ನೋಡೂಣು."

ಅವಳನ್ನು ಸಾಗಹಾಕಲು ಅದೇ ಸುಲಭದ ದಾರಿ ಅನಿಸಿತು. ನರ್ಸನ್ನು ಕರೆದು ಇಬ್ಬರ ರಕ್ತವನ್ನೂ ತೆಗೆಸಿದೆ. ಸೆಂಟ್ರಿಫ್ಯೂಜ್ ತಿರುಗಿಸಿ, ಸ್ಟೌ ಹಚ್ಚಿದೆ. ಅಷ್ಟು ಹೊತ್ತೂ ಆಕೆ ಬೆಂಚಿನ ಮೇಲೆ ಕುಳಿತು, ನಾನೇನಾದರೂ ಕೈಚಳಕ ಮಾಡಿಯೇನೆಂದು ನೋಡುತ್ತಲೇ ಇದ್ದಳು. ಸಿದ್ದಮ್ಮನ ಹನಿ ತೆಳ್ಳಗೆ ಸಮನಾಗಿತ್ತು. ಪಟ್ಟಿಯನ್ನು ಸರಿಸಿ ನನ್ನ ಹನಿಯನ್ನು ನೋಡಿದೆ.

ಗಂಟುಗಂಟಾಗಿತ್ತು.

ಕಣ್ಣು ಒರೆಸಿಕೊಂಡೆ. ಸೂಕ್ಷ್ಮದರ್ಶಕದ ಗಾಜನ್ನೂ ಒರೆಸಿದೆ. ಹೆಂಡತಿಯ ಹೊರತು ಬೇರೆ ಹೆಂಗಸಿನ ಹತ್ತಿರ ಸುಳಿಯದ ನನ್ನ ರಕ್ತ, ನನ್ನದೇ ಗಾಜಿನ ಮೇಲೆ, ನಾನೇ ಕಾಯಿಸಿದ ಐವತ್ತಾರು ಡಿಗ್ರಿಯಲ್ಲಿ ಒಡೆದ ಹಾಲಿನ ಹಾಗೆ ಕಾಣುತ್ತಿತ್ತು.

"ಏನ್ ಹೇಳತೈತ್ರಿ?" ಎಂದಳು ಸಿದ್ದಮ್ಮ.

ಈ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಯಾವುದೆಂದು ಕೇಳಿದರೆ, ಕೆಂಪು ಇಂಕಿನ ಚೀಟಿಯಲ್ಲ. ಆಗ ನಾನು ಕೊಟ್ಟ ಉತ್ತರ.

"ಸರಿ ಐತಮ್ಮ. ಇಬ್ಬರದೂ ಸರಿ ಐತಿ."

ಬರುವಾಗ ಇದ್ದ ಬಿಗುವು ಆಕೆಯ ಭುಜದಿಂದ ಇಳಿದುಹೋಗಿತ್ತು. "ಹಂಗಾರ ನಿಮ್ಮ ಗಾಜಿಗೆ ನನ್ನ ಸೊಸಿ ಒಬ್ಬಾಕಿ ಮ್ಯಾಲೇ ಸಿಟ್ಟು," ಎಂದು ಎದ್ದು ಹೋದಳು. ಒಂದು ನಿಜವನ್ನು ಹೇಳಿದ್ದರೆ ಕೊಟ್ರಮ್ಮನ ಮರ್ಯಾದೆ ಅಂದೇ ಉಳಿಯುತ್ತಿತ್ತು. ನಾನು ನನ್ನದನ್ನು ಉಳಿಸಿಕೊಂಡೆ.

ಸಂಜೆ ಮನೆಗೆ ಹೋಗಿ ಹೆಂಡತಿ ಜುಬೇದಾಳ ಮುಂದೆ ಕುಳಿತೆ. ಬೆವರುತ್ತ, ತಡವರಿಸುತ್ತ ವಿಷಯ ಹೇಳಿದೆ. ನಾವು ಮನೆಯಲ್ಲಿ ಆಡುವುದು ಉರ್ದು. ಅವಳು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ನೀವು ಸಂತೆಗೆ ಹೋದರೇ ದಾರಿ ತಪ್ಪುವವರು. ಬೇರೆ ಕಡೆ ಹೋಗಿ ಬರುವಷ್ಟು ಬುದ್ಧಿ ನಿಮಗೆಲ್ಲಿದೆ? ಔಷಧಿ ಕೆಟ್ಟಿರಬೇಕು, ನೋಡಿ." ಇಷ್ಟು ಹೇಳಿ ರೊಟ್ಟಿ ತಿರುವಿ ಹಾಕಿದಳು. ಗಂಡನ ಮೇಲೆ ನಂಬಿಕೆ ಇಡುವುದಕ್ಕೆ ಇಷ್ಟೇ ಹೊತ್ತು ಸಾಕು ಎಂದು ನನಗೆ ತಿಳಿದದ್ದು ಆಗ. ವೀರಭದ್ರಪ್ಪ ಹೆಂಡತಿಯ ಮೇಲೆ ಅದನ್ನು ಇಡಲಿಲ್ಲ. ಇಡದ ಹಾಗೆ ನೋಡಿಕೊಂಡವನು ನಾನು.

ಮೂರು ತಿಂಗಳ ಮೇಲೆ ಗುಟ್ಟಾಗಿ ಮತ್ತೆ ನನ್ನ ರಕ್ತವನ್ನು ನೋಡಿಕೊಂಡೆ. ಗಂಟಿರಲಿಲ್ಲ. ಗಾಜು ತನ್ನ ಆರೋಪವನ್ನು ತಾನೇ ಹಿಂದಕ್ಕೆ ಪಡೆದಿತ್ತು. ಆಗಲಾದರೂ ಹೇಳಬಹುದಿತ್ತು. ಹೇಳಬೇಕೆಂದರೆ ಮೊದಲಿನದನ್ನೂ ಹೇಳಬೇಕಲ್ಲ! ಸರ್ಕಾರಿ ನೌಕರ, ಶುಕ್ರವಾರ ತಪ್ಪದೆ ನಮಾಜಿಗೆ ಹೋಗುವವನು, ಮಕ್ಕಳ ತಂದೆ. ಸುಮ್ಮನಿದ್ದೆ.

ಮುಂದಿನ ವರ್ಷ ನಮ್ಮಲ್ಲಿಗೆ ಡಾ. ಸುಮಂಗಲಾ ಬಂದರು. ವಯಸ್ಸು ಚಿಕ್ಕದು, ಪ್ರಶ್ನೆ ಜಾಸ್ತಿ. ಅವರು ಬಂದ ಕೆಲವೇ ದಿನಗಳಲ್ಲಿ ಸಿದ್ದಮ್ಮ ಒಂದು ಟೆಂಪೋದಲ್ಲಿ ಕೊಟ್ರಮ್ಮನನ್ನು ಮಲಗಿಸಿಕೊಂಡು ಬಂದಳು. ಮಗ ಹೋಗದಿದ್ದರೂ ಈಕೆ ಆಗಾಗ ರೊಟ್ಟಿ ಗಂಟು ಕಟ್ಟಿಕೊಂಡು ಮಾಗಳಕ್ಕೆ ಹೋಗಿ ಸೊಸೆಯನ್ನು ನೋಡಿ ಬರುತ್ತಿದ್ದಳಂತೆ. ಆ ಸಲ ಹೋದಾಗ ಕೊಟ್ರಮ್ಮನ ಎಡಗಾಲು ತೊಡೆಯವರೆಗೆ ಬಾತು, ಬಿಗಿದು, ಮುಟ್ಟಿದರೆ ಬೆಚ್ಚಗಿತ್ತು.

ಡಾ. ಸುಮಂಗಲಾ ಕಾಲನ್ನು ಮುಟ್ಟಿ ನೋಡಿ, ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಕುಳಿತರು. ಆಮೇಲೆ ಲ್ಯಾಬಿಗೆ ಬಂದರು. "ಖಾಸಿಂ ಅವರೇ, ಮೂರು ಗರ್ಭ ಹೋಗಿವೆ. ಈಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಗಂಡನಿಗೆ ಇಲ್ಲದ ಸಿಫಿಲಿಸ್ ಈಕೆಗೆ ಇದೆ ಅಂತ ಇಲ್ಲಿ ಬರೆದಿದೆ. ನಿಮಗೆ ಇದರಲ್ಲಿ ಏನೂ ವಿಚಿತ್ರ ಅನಿಸಲಿಲ್ಲವಾ?"

ಅವರ ದನಿಯಲ್ಲಿ ಆರೋಪವಿರಲಿಲ್ಲ. ಅದರಿಂದಲೇ ನನ್ನ ಬಾಯಿ ಬಿಚ್ಚಿತು. ಬಾಗಿಲನ್ನು ಮುಂದಕ್ಕೆ ಮಾಡಿ, "ಮೇಡಂ, ನನ್ನದೂ ಒಂದ್ಸಲ ಪಾಸಿಟಿವ್ ಬಂದಿತ್ರಿ" ಎಂದೆ.

ಅವರು ನಕ್ಕೇಬಿಟ್ಟರು. ನಗು ನಿಂತ ಮೇಲೆ ಕೇಳಿದರು: "ಅದಕ್ಕೆ ಮೊದಲು ಮಲೇರಿಯಾ ಏನಾದರೂ ಬಂದಿತ್ತಾ?"

ಬಂದಿತ್ತು. ಆ ಪರೀಕ್ಷೆಗೆ ತಿಂಗಳ ಹಿಂದೆಯಷ್ಟೇ ಮಲೇರಿಯಾಕ್ಕೆ ಕ್ಲೋರೋಕ್ವಿನ್ ನುಂಗಿ ಎದ್ದಿದ್ದೆ. ಪುಸ್ತಕದ ಆ ಒಂದು ಸಾಲು ಆಗ ತಲೆಯೊಳಗೆ ಎದ್ದು ಕುಳಿತಿತು. ಮಲೇರಿಯಾ, ಕುಷ್ಠ, ಕೆಲವು ಜ್ವರಗಳಲ್ಲಿ ಈ ಪರೀಕ್ಷೆ ಕೆಲಕಾಲ ಸುಳ್ಳು ಹೇಳುತ್ತದೆ. ಸಾಲಿನ ಕೊನೆಯಲ್ಲಿ ಇನ್ನೂ ಒಂದು ಮಾತಿತ್ತು: ಕೆಲವರಲ್ಲಿ ಅದು ಸದಾಕಾಲ ಸುಳ್ಳು ಹೇಳುತ್ತದೆ, ಅಂಥವರನ್ನು ಜೋಪಾನವಾಗಿ ನೋಡಬೇಕು.

ಆ ದಿನವೇ ಜೀಪಿನಲ್ಲಿ ಕೊಟ್ರಮ್ಮನನ್ನು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾನೂ ಜೊತೆಗೆ ಹೋದೆ. ಹೋಗು ಎಂದು ಯಾರೂ ಹೇಳಿರಲಿಲ್ಲ. ಹರಪನಹಳ್ಳಿ ದಾಟುವವರೆಗೆ ಸಿದ್ದಮ್ಮ ಸೊಸೆಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ಡ್ರೈವರನನ್ನು ಬೈಯುತ್ತಿದ್ದಳು.

ಅಲ್ಲಿನ ಲ್ಯಾಬಿನಲ್ಲಿ ಒಬ್ಬ ಹಿರಿಯ ಟೆಕ್ನೀಷಿಯನ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲವನ್ನೂ ತೋರಿಸಿದರು. ಸಿಫಿಲಿಸ್‌ನ ರೋಗಾಣುವನ್ನೇ ಗುರಿಯಾಗಿಟ್ಟು ಮಾಡುವ ಖಚಿತ ಪರೀಕ್ಷೆಯಲ್ಲಿ ಕೊಟ್ರಮ್ಮನಿಗೆ ಆ ರೋಗ ಇಲ್ಲವೇ ಇಲ್ಲ ಎಂದು ಬಂತು. ಮುಂದಿನದು ಇನ್ನೂ ಸೋಜಿಗ. ಅವಳ ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಬೇಕು ಎಂದು ನಳಿಕೆಯಲ್ಲಿ ನೋಡಿದರು. ಕಾಲಿನಲ್ಲಿ ಹೆಪ್ಪುಗಟ್ಟಿ ಕುಳಿತ ರಕ್ತ ನಳಿಕೆಯಲ್ಲಿ ಬೇಗ ಹೆಪ್ಪುಗಟ್ಟಬೇಕಲ್ಲವೇ? ಎಲ್ಲರದ್ದಕ್ಕಿಂತ ತಡವಾಗಿ ಗಟ್ಟಿಯಾಯಿತು.

"ರಕ್ತದಾಗ ಏನರ ಕಮ್ಮಿ ಇರಬೇಕ್ರಿ" ಎಂದೆ.

"ಕಮ್ಮಿ ಇದ್ದರೆ, ಚೆನ್ನಾಗಿರೋರ ಪ್ಲಾಸ್ಮಾ ಅರ್ಧ ಬೆರೆಸಿದರೆ ಸರಿಹೋಗಬೇಕು. ನೋಡಿ," ಎಂದು ಬೆರೆಸಿದರು. ಸರಿಹೋಗಲಿಲ್ಲ. ಚೆನ್ನಾಗಿದ್ದ ಪ್ಲಾಸ್ಮಾವೂ ಇದರ ಜೊತೆ ಸೇರಿ ತಡವಾಗಿಯೇ ಹೆಪ್ಪುಗಟ್ಟಿತು. ಉಪ್ಪು ಕಡಿಮೆಯಾದ ಸಾರಿಗೆ ಉಪ್ಪಿದ್ದ ಸಾರು ಬೆರೆಸಿದರೆ ರುಚಿ ಬರುತ್ತದೆ. ಹಾಗಲಕಾಯಿ ರಸ ಬಿದ್ದ ಸಾರಿಗೆ ಬೆರೆಸಿದರೆ ಒಳ್ಳೆಯದೂ ಕಹಿಯಾಗುತ್ತದೆ. ಕೊಟ್ರಮ್ಮನ ರಕ್ತದಲ್ಲಿ ಕೊರತೆ ಇರಲಿಲ್ಲ, ತಡೆಯುವ ಏನೋ ಒಂದು ಇತ್ತು.

ಆ ಏನೋ ಒಂದಕ್ಕೆ ಸ್ವಪ್ರತಿಕಾಯ ಎಂದು ಹೆಸರು. ಹೊರಗಿನ ರೋಗಾಣುಗಳನ್ನು ಹಿಡಿಯಲು ದೇಹ ತಯಾರಿಸುವ ಕಾವಲುಗಾರರಿಗೆ ಪ್ರತಿಕಾಯ ಎನ್ನುತ್ತಾರೆ. ಇವಳ ದೇಹದ ಕಾವಲುಗಾರರು ಗುರುತು ತಪ್ಪಿ, ತನ್ನದೇ ಜೀವಕೋಶಗಳ ಹೊರಪದರದ ಒಂದು ಬಗೆಯ ಕೊಬ್ಬಿಗೆ, ಅದಕ್ಕೆ ಅಂಟಿಕೊಂಡ ಪ್ರೋಟೀನಿಗೆ ಕೈಹಾಕಿದ್ದರು. ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಲು ಆ ಬಗೆಯ ಕೊಬ್ಬೇ ಬೇಕು. ಅದನ್ನು ಈ ಕಾವಲುಗಾರರು ಹಿಡಿದಿಟ್ಟುಕೊಂಡದ್ದರಿಂದ ತಡವಾಯಿತು. ಮೈಯೊಳಗೆ ಮಾತ್ರ ಅದೇ ಕಾವಲುಗಾರರು ರಕ್ತನಾಳದ ಗೋಡೆಯನ್ನು ಕೆಣಕಿ, ಬೇಡದ ಕಡೆ ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತಿದ್ದರು. ಕಾಲಿನಲ್ಲಿ ಆದದ್ದು ಅದೇ. ಮಗುವಿಗೆ ರಕ್ತ ಹರಿಯುವ ಮಾಸಿನಲ್ಲಿ ಮೂರು ಸಲ ಆದದ್ದೂ ಅದೇ. ನನ್ನ ಗಾಜಿನ ಮೇಲಿನ ದನದ ಹೃದಯದ ಕೊಬ್ಬಿಗೆ ಮುತ್ತಿಗೆ ಹಾಕಿದವರೂ ಇವರೇ. ಮಲೇರಿಯಾ ಬಂದಾಗ ನನ್ನಲ್ಲೂ ಇಂಥವರೇ ಹುಟ್ಟಿದ್ದರು. ಆದರೆ ಯಾರಿಗೂ ಕೇಡು ಮಾಡದೆ ಮೂರು ತಿಂಗಳಲ್ಲಿ ಖಾಲಿ ಮಾಡಿ ಹೋಗಿದ್ದರು. ಇವಳಲ್ಲಿ ಮನೆ ಮಾಡಿಕೊಂಡು ಉಳಿದಿದ್ದರು. ಬೆಂಗಳೂರಿಗೆ ಎರಡು ಸಲ, ನಡುವೆ ಅಂತರ ಬಿಟ್ಟು, ರಕ್ತ ಕಳಿಸಿ ಅದನ್ನು ಖಚಿತ ಮಾಡಿಕೊಂಡರು.

ಇದಕ್ಕೆ ವೈದ್ಯರು ಇಟ್ಟ ಹೆಸರು ಲೂಪಸ್ ಆಂಟಿಕೊಆಗ್ಯುಲೆಂಟ್. ಲೂಪಸ್ ಎಂಬ ಬೇರೆ ರೋಗ ಕೊಟ್ರಮ್ಮನಿಗೆ ಇರಲಿಲ್ಲ. ಆಂಟಿಕೊಆಗ್ಯುಲೆಂಟ್ ಎಂದರೆ ಹೆಪ್ಪುಗಟ್ಟದಂತೆ ತಡೆಯುವುದು. ಇದು ಮಾಡುತ್ತಿದ್ದುದು ಅದರ ತದ್ವಿರುದ್ಧ. ಎರಡು ಪದದ ಹೆಸರಿನಲ್ಲಿ ಎರಡೂ ಸುಳ್ಳು. ನಾನು ಬರೆದ ಚೀಟಿಯೊಂದೇ ಅಲ್ಲ, ದೊಡ್ಡವರು ಇಟ್ಟ ಹೆಸರೂ ಹೀಗಿರುತ್ತದಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ವಾರ್ಡಿಗೆ ಹೋಗುವಷ್ಟರಲ್ಲಿ ಆ ಸಮಾಧಾನ ಕರಗಿತು.

ಸಿದ್ದಮ್ಮನಿಗೆ ಅಲ್ಲಿನ ಡಾಕ್ಟರು ಕಾವಲುಗಾರರ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದರು. ಆಕೆ, "ಬೇಲಿ ಎದ್ದು ಹೊಲ ಮೇದಂಗ ಅನ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾ ಅವತ್ತ ಹೇಳಿದ್ನಿ. ಇಷ್ಟ ತಿಳಕೊಳ್ಳಾಕ ದಾವಣಗೆರಿಗೆ ಬರಬೇಕಿತ್ತೇನ್ರಿ?" ಎಂದಳು.

ಆಕೆಯ ಎದುರಿಗೇ ಕೊಟ್ರಮ್ಮನಿಗೆ ಎಲ್ಲವನ್ನೂ ಹೇಳಿದೆ. ನನ್ನ ರಕ್ತವೂ ಗಂಟಾದದ್ದು, ಸರಿ ಐತಿ ಎಂದು ಸುಳ್ಳು ಹೇಳಿದ್ದು, ಗಂಡ ಕೇಳಿದಾಗ ಗಾಜು ತೊಳೆಯುತ್ತ ನಿಂತದ್ದು. ಸಿದ್ದಮ್ಮ ಬಾಯಿಗೆ ಸೆರಗು ಹಿಡಿದಳು. ಕೊಟ್ರಮ್ಮ ಸೂಜಿಯನ್ನು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದಳು.

"ನನಗ ಆ ರೋಗ ಇಲ್ಲಂತ ನನಗ ಗೊತ್ತಿತ್ತಲ್ರಿ," ಎಂದಳು. "ನನಗ್ಯಾಕ ಹೇಳ್ತೀರಿ? ನೀವು ಹೇಳಬೇಕಾದಾಂವ ಗಿರಣ್ಯಾಗ ಅದಾನ."

ಗಿರಣಿಗೆ ಹೋದೆ. ಮಧ್ಯಾಹ್ನ, ಜೋಳದ ಡಬ್ಬಿಗಳನ್ನು ಸಾಲಾಗಿಟ್ಟು ಏಳೆಂಟು ಹೆಂಗಸರು ಕಾಯುತ್ತಿದ್ದರು. ವೀರಭದ್ರಪ್ಪ ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದ. ಒಳಗೆ ಕರೆದು ಮೆಲ್ಲಗೆ ಹೇಳೋಣ ಎಂದುಕೊಂಡಿದ್ದೆ. ಮೆಲ್ಲಗೆ ಹೇಳಿದರೆ ಗಿರಣಿಯ ಸದ್ದಿನಲ್ಲಿ ನನಗೇ ಕೇಳಿಸುತ್ತಿರಲಿಲ್ಲ. ಕೂಗಿದೆ.

"ನಾ ಬರದಿದ್ದು ತಪ್ಪು! ಕೊಟ್ರಮ್ಮಗ ಆ ರೋಗ ಇಲ್ಲ!"

"ಏನ್ರೀ?"

"ಆಕಿಗೆ ಆ ರೋಗ ಯಾವತ್ತೂ ಇದ್ದಿಲ್ಲ!"

ಅವನು ಬೆಲ್ಟ್ ಜಾರಿಸಿದ. ಗಿರಣಿ ಒಮ್ಮೆಲೇ ನಿಂತಿತು. ನನ್ನ ಮುಂದಿನ ಮಾತು ಆ ನಿಶ್ಶಬ್ದದಲ್ಲಿ, ಕೂಗಿದ ದನಿಯಲ್ಲೇ ಹೊರಬಿತ್ತು: "ಹಂಗ ಸುಳ್ಳು ಸುಳ್ಳ ನನಗೂ ಬಂದಿತ್ತು!"

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಾನು ಮುಚ್ಚಿಟ್ಟದ್ದು ಒಂದು ನಿಮಿಷದಲ್ಲಿ ಹಿರೇಹಡಗಲಿಯ ಅರ್ಧ ಊರಿಗೆ ಗೊತ್ತಾಯಿತು, ಉಳಿದರ್ಧಕ್ಕೆ ಹಿಟ್ಟಿನ ಜೊತೆ ತಲುಪಿತು. ಉಳಿದದ್ದನ್ನೆಲ್ಲ ನಿಂತು ಹೇಳಿದೆ. ವೀರಭದ್ರಪ್ಪ ಹಿಟ್ಟಿನ ಕೈಯಿಂದ ಮುಖ ಒರೆಸಿಕೊಂಡ. ಅವನು ನನಗೆ ಹೊಡೆದಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ. ಅವನು ಕೇಳಿದ್ದು, "ಈಗ ನಾ ಹೋಗಿ ಕರದ್ರ ಬರತಾಳೇನ್ರಿ?"

"ಗೊತ್ತಿಲ್ಲ" ಎಂದೆ. ಕೊನೆಗೂ ಆ ಮಾತು ಬಾಯಿಂದ ಬಂತು.

ಅವಳು ಬರಲಿಲ್ಲ. ಆಸ್ಪತ್ರೆಯಿಂದ ನೇರ ಮಾಗಳಕ್ಕೇ ಹೋದಳು. ಅವನು ಎರಡು ಸಲ ಹೋಗಿ ಒಬ್ಬನೇ ವಾಪಸು ಬಂದ. ಮೂರನೆಯ ಸಲ ಹೋದವನು ಹೊಳೆಯ ದಂಡೆಯ ಆ ಊರಿನಲ್ಲೇ ನಾಲ್ಕು ದಿನ ಉಳಿದ. ಗಿರಣಿ ಬಿಟ್ಟು ಎಲ್ಲಿಗೂ ಹೋಗದವನು ನಾಲ್ಕು ದಿನ ಗಿರಣಿ ಮುಚ್ಚಿದ್ದನ್ನು ಊರು ಒಂದು ಸುದ್ದಿ ಎಂಬಂತೆ ಆಡಿಕೊಂಡಿತು. ಆ ಸಲ ಕೊಟ್ರಮ್ಮ ಜೊತೆಗೆ ಬಂದಳು. ಅಲ್ಲಿ ಏನು ಮಾತಾಯಿತೆಂದು ನನಗೆ ತಿಳಿಯದು.

ಅವಳಿಗೆ ರಕ್ತ ತೆಳುವಾಗಿಸುವ ಮಾತ್ರೆ ಶುರುವಾಗಿತ್ತು. ದೊಡ್ಡ ಡಾಕ್ಟರು ದಾವಣಗೆರೆಯ ರಿಪೋರ್ಟನ್ನು ಹಿಡಿದು ಡಾ. ಸುಮಂಗಲಾ ಅವರ ಕೋಣೆಗೆ ಬಂದರು. "ರಕ್ತ ತಡವಾಗಿ ಹೆಪ್ಪುಗಟ್ತೈತಿ ಅಂತ ಇದರಾಗ ಬರದೈತಿ. ನೀವು ಇನ್ನೂ ತೆಳು ಮಾಡೋ ಔಷಧಿ ಕೊಡ್ತೀರಿ. ಹೆಣ್ಣುಮಗಳನ್ನ ಕೊಲ್ಲಬೇಕಂತ ಮಾಡೀರೇನು?" ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಡಾ. ಸುಮಂಗಲಾ ಅರ್ಧ ಗಂಟೆ ಕುಳಿತು ವಿವರಿಸಿದರು. ಎಲ್ಲವನ್ನೂ ಕೇಳಿದ ದೊಡ್ಡ ಡಾಕ್ಟರು, "ಅಂದ್ರ ಕನ್ನಡಿಯೊಳಗ ಎಡ ಬಲ ತಿರುಗಿ ಕಾಣತೈತಿ ಅನ್ರಿ" ಎಂದು ಎದ್ದರು. ಸೋಲನ್ನು ಅಷ್ಟು ಚೆನ್ನಾಗಿ ಒಪ್ಪಿಕೊಂಡ ಮೇಲಧಿಕಾರಿ ನನಗೆ ಮತ್ತೊಬ್ಬರು ಸಿಗಲಿಲ್ಲ.

ಮುಂದಿನ ವರ್ಷ ಕೊಟ್ರಮ್ಮ ಮತ್ತೆ ಬಸುರಾದಳು. ಆ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು. ಅದನ್ನು ನಿಲ್ಲಿಸಿ, ದಿನಕ್ಕೆ ಎರಡು ಸಲ, ಮಗುವನ್ನು ಮುಟ್ಟದೆ ರಕ್ತ ತೆಳುವಾಗಿಸುವ ಹೆಪಾರಿನ್ ಇಂಜೆಕ್ಷನ್, ಜೊತೆಗೆ ಆಸ್ಪಿರಿನ್‌ನ ಪುಟ್ಟ ಗುಳಿಗೆ. ದಿನಾ ಎರಡು ಸಲ ಹಳ್ಳಿಯಲ್ಲಿ ಚುಚ್ಚುವವರು ಯಾರು? ಡಾ. ಸುಮಂಗಲಾ ಯೋಚನೆಯಲ್ಲಿ ಬಿದ್ದಾಗ ಸಿದ್ದಮ್ಮ ಮುಂದೆ ಬಂದು, "ಗೋಣಿಚೀಲ ಹೊಲದ ಕೈ ಐತ್ರಿ ಇದು. ಇಷ್ಟುದ್ದ ಸೂಜಿ ಏನು ಲೆಕ್ಕ?" ಎಂದಳು. ಎರಡು ದಿನ ಅಭ್ಯಾಸ ಮಾಡಿಸಿದರು. ಸೊಸೆಯ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಆಕೆ ಚುಚ್ಚುತ್ತಿದ್ದ ನಾಜೂಕನ್ನು ನೋಡಿ ನಮ್ಮ ನರ್ಸ್ ನಾಚಿಕೊಂಡಳು.

ಆ ಇಂಜೆಕ್ಷನ್ನಿನಿಂದ ಇಳಿಯಬಹುದೆಂದು ನಾನು ವಾರಕ್ಕೊಮ್ಮೆ ಅವಳ ಪ್ಲೇಟ್‌ಲೆಟ್ ಎಣಿಸಿ ಕೊಡುತ್ತಿದ್ದೆ. ಕವರಿನಲ್ಲಿಟ್ಟು, ಅಂಟಿಸಿ. ಐದನೆಯ ತಿಂಗಳು ಬಂತು, ಆರನೆಯದು ಬಂತು. ಆ ತಿಂಗಳಿಡೀ ಕೊಟ್ರಮ್ಮ ಬಂದಾಗಲೆಲ್ಲ ನಾನು ಸೂಜಿ ಹಿಡಿದು ಎರಡೆರಡು ಸಲ ನರ ಹುಡುಕುತ್ತಿದ್ದೆ. ಒಂದು ದಿನ ಅವಳೇ, "ಗಟ್ಟಿ ಹಿಡೀರಿ ಸಾಬ್ರ, ಚುಚ್ಚಿಸಿಕೊಳ್ಳಾಕಿ ನಾನು" ಎಂದಳು. ಏಳನೆಯದು ದಾಟಿತು. ಎಂಟು ಮುಗಿಯುವಷ್ಟರಲ್ಲಿ ದಾವಣಗೆರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಚಿಕ್ಕದು, ಆದರೆ ವಾರ್ಡಿನಲ್ಲೇ ಎಲ್ಲರಿಗಿಂತ ದೊಡ್ಡ ದನಿ.

ಜುಬೇದಾಳನ್ನು ಕರೆದುಕೊಂಡು ನೋಡಲು ಹೋದೆ. ನಾವು ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಒಬ್ಬ ಯುವ ಟೆಕ್ನೀಷಿಯನ್ ಚೀಟಿ ಹಿಡಿದು, ಮಗುವಿನ ತಂದೆ ಯಾರೆಂದು ಕೇಳುತ್ತಿದ್ದ. ವೀರಭದ್ರಪ್ಪ ಎದ್ದು ನಿಂತ. ಕೂಸಿನ ರಕ್ತಕ್ಕೂ ವಿ.ಡಿ.ಆರ್.ಎ‌ಲ್. ಮಾಡಿದ್ದರು, ಅದೂ ರಿಯಾಕ್ಟಿವ್ ಬಂದಿತ್ತು. ಆ ಹುಡುಗ ದನಿ ತಗ್ಗಿಸಿ, "ನೋಡಿ, ನಿಮ್ಮಿಬ್ಬರಲ್ಲಿ ಯಾರಿಗಾದರೂ..." ಎಂದು ಶುರುಮಾಡಿದ. ನಾನು ಮುಂದೆ ಹೆಜ್ಜೆ ಇಟ್ಟೆ. ನನ್ನ ಅಗತ್ಯವೇ ಬೀಳಲಿಲ್ಲ.

"ನಿಲ್ರಿ," ಎಂದ ವೀರಭದ್ರಪ್ಪ. ಗಿರಣಿಯಲ್ಲಿ ಮಾತಾಡಿ ರೂಢಿಯಾದ ದನಿ, ವಾರ್ಡಿಗೆಲ್ಲ ಕೇಳಿಸಿತು. "ನನ್ನ ಹೇಣ್ತಿಗೆ ಆ ರೋಗ ಇಲ್ಲ, ನನಗೂ ಇಲ್ಲ. ಅದು ಆಕಿ ರಕ್ತದಾಗಿನ ಸ್ವಪ್ರತಿಕಾಯ. ತಾಯಿಯಿಂದ ಕೂಸಿಗೆ ಇಳದೈತಿ. ಕೆಲವು ತಿಂಗಳಿಗೆ ತಾನ ಹೋಗತೈತಿ. ನೀವು ಖಚಿತ ಪರೀಕ್ಷೆ ಮಾಡಿ, ಆಮ್ಯಾಲೆ ಬಂದು ಮಾತಾಡ್ರಿ. ಅಲ್ಲೀತನಕ ಆ ಚೀಟಿ ಯಾರಿಗೂ ತೋರಸಬ್ಯಾಡ್ರಿ."

ಹುಡುಗ ಚೀಟಿ ಮಡಚಿಕೊಂಡು ಹೋದ. ಅಷ್ಟು ಚೊಕ್ಕವಾದ ವಿವರಣೆ ನನ್ನಿಂದಲೂ ಆಗುತ್ತಿರಲಿಲ್ಲ. ಸಿದ್ದಮ್ಮ ಒಳಗೋಡಿ ಮಂಚದ ಮೇಲಿದ್ದ ಕೊಟ್ರಮ್ಮನಿಗೆ, "ಕೇಳಿದೇನವಾ? ಹೆಂಗ ಮಾತಾಡಿದ ನೋಡು ನಿನ್ನ ಗಂಡ!" ಎಂದಳು.

ಕೊಟ್ರಮ್ಮನಿಗೆ ಎಲ್ಲವೂ ಕೇಳಿಸಿತ್ತು. ಬಾಗಿಲಲ್ಲಿ ಬಂದು ನಿಂತ ಗಂಡನನ್ನು ನೋಡಿದಳು.

"ಮೂರು ವರ್ಷ ತಡ ಆತು," ಎಂದಳು.

ಅವನು ತಲೆ ತಗ್ಗಿಸಿದ. ಅವಳು ಸ್ವಲ್ಪ ಆಚೆ ಸರಿದು ಮಂಚದ ಮೇಲೆ ಜಾಗ ಮಾಡಿದಳು. ಅವನು ಕುಳಿತ ಮೇಲೆ, ಕೂಸಿನ ಕತ್ತಿನ ಕೆಳಗೆ ಕೈ ಹೇಗಿಡಬೇಕೆಂದು ತೋರಿಸಿ, ಮಗುವನ್ನು ಅವನ ತೊಡೆಯ ಮೇಲಿಟ್ಟಳು.